ಪೆಟ್ರೋಲ್ ಮುಳ್ಳಿನ ಹಠ

ಗದಗದ ಟ್ಯಾಕ್ಸಿ ಚಾಲಕ ಫಕೀರಪ್ಪ ಪೆಟ್ರೋಲ್ ಉಳಿಸುತ್ತದೆಂದು ಮಾರುವ ಪುಟ್ಟ ಡಬ್ಬಿಯೊಂದನ್ನು ತಂದು ಕಾರಿನೊಳಗಿನ ಚಾರ್ಜರ್ ಸಾಕೆಟ್ಟಿಗೆ ಸಿಕ್ಕಿಸಿದ. ಡಬ್ಬಿಯ ಹಸಿರು ದೀಪ ಹೊತ್ತಿಕೊಂಡಿತು. ಅದು ಚೆನ್ನಾಗಿ ಕೆಲಸ ಮಾಡಲೆಂದು ಅವನು ಟೈರುಗಳಿಗೆ ಗಾಳಿ ತುಂಬಿಸಿ, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುತ್ತ ಹುಬ್ಬಳ್ಳಿಗೆ ಹೋಗಿಬಂದ. ಪೆಟ್ರೋಲ್ ನಿಜವಾಗಿಯೂ ಉಳಿಯಿತು.

“ನೋಡಿದೆಯಾ ನನ್ನ ಕೈಗುಣ?” ಎಂದಿತು ಡಬ್ಬಿ.

“ಇನ್ನೂ ನೋಡಿಲ್ಲ,” ಎಂದಿತು ಪೆಟ್ರೋಲ್ ಮೀಟರಿನ ಮುಳ್ಳು. “ನೀನಿದ್ದಾಗ ಉಳಿದದ್ದು ನಿಜ. ನೀನಿಲ್ಲದೆ ಹೀಗೇ ಓಡಿಸಿದರೆ ಎಷ್ಟು ಉಳಿಯುತ್ತದೆಂದು ನೋಡುವವರೆಗೂ ನನ್ನ ಬಾಯಿಂದ ಭೇಷ್ ಬರುವುದಿಲ್ಲ.”

“ನಿನಗೆ ಹೊಟ್ಟೆಕಿಚ್ಚು!” ಎಂದಿತು ಡಬ್ಬಿ. ಸೀಟು, ಕನ್ನಡಿ, ಹಾರ್ನ್ ಎಲ್ಲವೂ ಡಬ್ಬಿಯ ಪರವಾಗಿಯೇ ಮಾತಾಡಿದವು. ಮುಳ್ಳು ಜಗ್ಗಲಿಲ್ಲ.

ಮರುದಿನ ಫಕೀರಪ್ಪನ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಅವನು ಡಬ್ಬಿಯನ್ನು ಕಿತ್ತು ಪಕ್ಕಕ್ಕಿಟ್ಟು, ಆ ಸಾಕೆಟ್ಟಿಗೆ ಫೋನಿನ ಚಾರ್ಜರ್ ಸಿಕ್ಕಿಸಿದ. ಮೆಲ್ಲಗೆ ಒತ್ತುವ ರೂಢಿ ಮಾತ್ರ ಅವನ ಕಾಲಿಗೆ ಹತ್ತಿಬಿಟ್ಟಿತ್ತು. ಹುಬ್ಬಳ್ಳಿಗೆ ಹೋಗಿಬಂದಾಗ ಮುಳ್ಳು ಹಿಂದಿನ ದಿನದಷ್ಟೇ ಇಳಿದಿತ್ತು, ಕೂದಲೆಳೆಯಷ್ಟೂ ಹೆಚ್ಚಿಲ್ಲ.

“ಈಗೇನನ್ನುತ್ತೀಯ?” ಎಂದು ಮುಳ್ಳು ಕೇಳಿತು.

ದೀಪ ಆರಿದ್ದ ಡಬ್ಬಿ ತುಸು ಯೋಚಿಸಿ, “ಹಾಗಾದರೆ ಚಾರ್ಜರಿಗೂ ಈ ವಿದ್ಯೆ ಗೊತ್ತು!” ಎಂದಿತು.

ಆಗ, ದೃಷ್ಟಿ ತಾಗದಿರಲೆಂದು ಮೆಣಸಿನಕಾಯಿಯ ಜೊತೆ ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು ಹೊರಗಿನಿಂದಲೇ ಕೂಗಿ ಹೇಳಿತು: “ತಮ್ಮಾ, ನೀನು ಇಲ್ಲಿಗೆ ಬಂದು ನನ್ನ ಪಕ್ಕದಲ್ಲಿ ಜೋತುಬೀಳು. ಒಳಗೆ ಮುಳ್ಳಿದೆ. ಇಲ್ಲಿ ನಮ್ಮನ್ನು ಯಾರೂ ಅಳೆದು ನೋಡುವುದಿಲ್ಲ.”