ಮಾಸದ ಹಳದಿ

“ಗುರುಗಳೇ, ತಪ್ಪನ್ನು ತಿದ್ದಿದರೆ ಅದೂ ತಪ್ಪಾಗುತ್ತದೆಯೇ?” ಎಂದು ನಿಜಗುಣ ಕೇಳಿದ.

ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಪ್ರೋಗ್ರಾಮುಗಳನ್ನು ಬರೆಯುವವರಿಗೆಂದು ಅವನು ಒಂದು ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಂತೆ, ಮಾಡಿಕೊಟ್ಟಿದ್ದ. ಗೆರೆ, ವೃತ್ತ, ಬಣ್ಣ ಎಲ್ಲವೂ ಅದರಲ್ಲಿ ಸಿದ್ಧವಾಗಿ ಸಿಗುತ್ತಿದ್ದವು. ಎಲ್ಲೆಲ್ಲಿಯವರೋ ಅದನ್ನು ತಮ್ಮ ಕೆಲಸಕ್ಕೆ ಬಳಸುತ್ತಿದ್ದರು. ಮೊದಲಿನಿಂದಲೂ ಅದರಲ್ಲಿ ಒಂದು ದೋಷವಿತ್ತು. ಕೇಳಿದ್ದಕ್ಕಿಂತ ಗೆರೆ ತೆಳುವಾಗಿ ಬರುತ್ತಿತ್ತು. ಈ ಸಲದ ಅಪ್‌ಡೇಟಿನಲ್ಲಿ ಅವನು ಅದನ್ನು ಸದ್ದಿಲ್ಲದೆ ಸರಿಪಡಿಸಿ ಕಳಿಸಿದ. ಮರುದಿನವೇ ಬೈಗುಳ ಶುರುವಾಯಿತು. ಹೇಗೂ ತೆಳುವಾಗುತ್ತದೆಂದು ಎಲ್ಲರೂ ದುಪ್ಪಟ್ಟು ದಪ್ಪದ ಗೆರೆ ಕೇಳಿಟ್ಟಿದ್ದರು. ಈಗ ಕೇಳಿದಷ್ಟೇ ದಪ್ಪ ಬಂತು. ನಕಾಶೆಗಳಲ್ಲಿ ಬೀದಿಗಳು ಒಂದರ ಮೇಲೊಂದು ಬಿದ್ದು ಮಸಿ ಚೆಲ್ಲಿದಂತಾದವು. ಸರಿ ಮಾಡಿದವನನ್ನೇ ಬೈಯುತ್ತಾರಲ್ಲ ಎಂದು ನಿಜಗುಣ ಒಳಗೊಳಗೇ ಕುದಿಯುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಊರದೇವಿಯ ಮರದ ಮುಖಕ್ಕೆ ಬಣ್ಣ ಹಾಕುವುದು ಅವನ ಮನೆತನದ ಕೆಲಸ. ಕೆಲವು ವರ್ಷಕ್ಕೊಮ್ಮೆ ಹಳೆಯ ಬಣ್ಣ ಕೆರೆದು ಹೊಸದು ಬಳಿಯಬೇಕು. ಆ ದೇವಿ ಶಾಂತಳು. ಅವಳ ಮುಖ ಅರಿಸಿನದ ಹಳದಿ. ಪಕ್ಕದ ಊರಿನವಳು ಉಗ್ರಳು. ಅವಳದು ಕೆಂಪು ಮುಖ. ಹೆರಿಗೆಗೆ ಮುಂಚೆ, ಮಕ್ಕಳಿಗೆ ಜ್ವರ ಬಂದಾಗ, ಈ ಊರಿನ ಹೆಂಗಸರು ಆ ಹಳದಿ ಮುಖ ನೋಡಿಯೇ ಧೈರ್ಯ ತಂದುಕೊಳ್ಳುತ್ತಿದ್ದರು.

ಚಿತ್ರಗಾರನಿಗೆ ಬಣ್ಣ ಅರೆದು ಕೊಡುತ್ತಿದ್ದವನು ಪೇಟೆಯ ಒಬ್ಬ ಬಣ್ಣಗಾರ. ಅವನ ಹಳದಿಗೆ ಒಂದು ಕೆಟ್ಟ ಚಾಳಿ. ಹಸಿಯಿದ್ದಾಗ ಹೊಳೆಯುತ್ತಿತ್ತು, ಒಣಗಿದರೆ ಬಿಳಿಚಿಕೊಳ್ಳುತ್ತಿತ್ತು. ಪ್ರಾಯದಲ್ಲಿ ಚಿತ್ರಗಾರ ಹೋಗಿ ದೂರು ಹೇಳಿದ್ದ. ಬಣ್ಣಗಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಹಳದಿಯೆಂದರೆ ಮಾಸುವುದೇ, ಬೇಕಾದರೆ ಏನಾದರೂ ಬೆರೆಸಿಕೋ ಎಂದು ಕೈ ತೊಳೆದುಕೊಂಡ. ಚಿತ್ರಗಾರ ಬೆರೆಸಿಕೊಂಡ. ಒಂದು ಚಿಪ್ಪು ಹಳದಿಗೆ ಎರಡು ಚಿಟಿಕೆ ಕೆಂಪು ಹಾಕಿದರೆ, ಒಣಗಿದ ಮೇಲೆ ಸರಿಯಾಗಿ ಅರಿಸಿನದ ಬಣ್ಣ ನಿಲ್ಲುತ್ತಿತ್ತು. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ವಯಸ್ಸಾಯಿತು. ಚಿತ್ರಗಾರನ ಕಣ್ಣಿಗೆ ಪೊರೆ ಬಂತು. ಬೆಳಕು ತಿಳಿಯುತ್ತಿತ್ತು, ಆಕಾರ ತಿಳಿಯುತ್ತಿತ್ತು, ಬಣ್ಣ ಮಾತ್ರ ತಿಳಿಯುತ್ತಿರಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕುಂಚ ಕೈತಪ್ಪುತ್ತದೆ. ಕುಂಚ ಹೋದ ಮೇಲೆ ತಾನು ಯಾರ ಲೆಕ್ಕಕ್ಕೆ? ಬಣ್ಣದ ಕುಡಿಕೆಗಳನ್ನು ಯಾವಾಗಲೂ ಒಂದೇ ಸಾಲಿನಲ್ಲಿ ಇಟ್ಟುಕೊಂಡ. ಮೂಸಿ, ಬೆರಳಲ್ಲಿ ತಿಕ್ಕಿ ಗುರುತು ಹಿಡಿದ. ಬಣ್ಣ ಹಾಕುವಾಗ ಸುತ್ತ ಪರದೆ ಇಳಿಬಿಡುವುದು, ಮುಗಿಯುವ ತನಕ ಯಾರೂ ಇಣುಕದಿರುವುದು ಅಲ್ಲಿನ ಪದ್ಧತಿ. ಆ ಪದ್ಧತಿ ಅವನ ಮಾನ ಕಾಯಿತು. ಕಾಣದ ಕಣ್ಣಿನಲ್ಲಿಯೇ ಅವನು ದೇವಿಗೆ ಬಣ್ಣ ಬಳಿದ, ಊರು ಎಂದಿನಂತೆ ಕೈಮುಗಿಯಿತು.

ಅಷ್ಟರಲ್ಲಿ ಬಣ್ಣಗಾರನಿಗೆ ಬುದ್ಧಿ ಬಂತು, ಇಲ್ಲವೇ ಹೊಸ ಹದ ಸಿಕ್ಕಿತು. ಅವನ ಹಳದಿ ಈಗ ಮಾಸುತ್ತಿರಲಿಲ್ಲ. ಅದೇ ಕುಡಿಕೆಯಲ್ಲಿ ತುಂಬಿ, ಅದೇ ಬಟ್ಟೆ ಕಟ್ಟಿ, ಹದ ಬದಲಾದದ್ದನ್ನು ಹೇಳದೆಯೇ ಚಿತ್ರಗಾರನಿಗೆ ಕಳಿಸಿಕೊಟ್ಟ. ಒಳ್ಳೆಯ ಕೆಲಸ ಮಾಡಿದೆನೆಂದು ಅವತ್ತು ಎರಡು ತುತ್ತು ಹೆಚ್ಚಿಗೆ ಉಂಡನೋ ಏನೋ. ಚಿತ್ರಗಾರನ ಮೂಗಿಗೆ ಅದೇ ವಾಸನೆ, ಬೆರಳಿಗೆ ಅದೇ ನುಣುಪು. ಎಂದಿನಂತೆ ಎರಡು ಚಿಟಿಕೆ ಕೆಂಪು ಕಲಸಿ, ದೇವಿಯ ಹಣೆಯಿಂದ ಗಲ್ಲದವರೆಗೆ ಮನಸಾರೆ ಬಳಿದ.

ಪರದೆ ಸರಿಸಿದರು. ಮುಂದೆ ನಿಂತಿದ್ದ ಬಸುರಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಹಿಂದೆ ಸರಿದಳು. ಮೊದಲೆಲ್ಲ ಹಳದಿಯೊಂದಿಗೆ ಕೆಂಪೂ ಬಿಳಿಚುತ್ತಿತ್ತು. ಈಗ ಹಳದಿ ಮಾಸಿರಲಿಲ್ಲ, ಬೆರೆಸಿದ ಕೆಂಪು ಹಾಗೆಯೇ ಎದ್ದು ನಿಂತು ದೇವಿಯ ಮುಖ ಕೆಂಡದಂತಾಗಿತ್ತು. ಶಾಂತಳು ಉಗ್ರಳಾಗಿ ಕೂತಿದ್ದಳು. ಹಿರಿಯರು ಚಿತ್ರಗಾರನನ್ನು ಸುತ್ತುಗಟ್ಟಿದರು. ಮೈಲಿಗೆಯಲ್ಲಿ ಕುಂಚ ಹಿಡಿದೆಯಾ, ಯಾರ ಶಾಪ ಹೊತ್ತುಕೊಂಡು ಬಂದೆ ಎಂದು ಬಾಯಿಗೆ ಬಂದಂತೆ ಕೇಳಿದರು. ಅವನಿಗೆ ಏನೂ ಅರ್ಥವಾಗಲಿಲ್ಲ. ಅವನ ಕಣ್ಣಿಗೆ ಆ ಮುಖ ಎಂದಿನ ಹಾಗೆ ಬೂದುಬಣ್ಣವಾಗಿಯೇ ಕಾಣುತ್ತಿತ್ತು. ಗಾಬರಿಯಲ್ಲಿ ಕೇಳಬಾರದ್ದನ್ನು ಕೇಳಿಬಿಟ್ಟ.

“ಯಾವ ಬಣ್ಣ ಬಂದಿದೆ?”

ಗದ್ದಲ ನಿಂತಿತು. ಹಿರಿಯನೊಬ್ಬ ತನ್ನ ತಲೆಯ ರುಮಾಲು ಬಿಚ್ಚಿ ಅವನ ಮುಂದೆ ಹಿಡಿದು, ಇದು ಯಾವ ಬಣ್ಣ ಹೇಳು ಎಂದ. ಚಿತ್ರಗಾರ ತಲೆ ತಗ್ಗಿಸಿದ. ಕುರುಡನ ಕೈಗೆ ದೇವಿಯನ್ನು ಕೊಟ್ಟೆವಲ್ಲ ಎಂದು ಊರು ಹಣೆ ಹಣೆ ಚಚ್ಚಿಕೊಂಡಿತು. ಅವತ್ತೇ ಕುಂಚ ಬೇರೆ ಮನೆಯ ಪಾಲಾಯಿತು. ಹೊಸಬನಿಗೆ ಕೆಂಪು ಬೆರೆಸುವ ಸಂಗತಿಯೇ ಗೊತ್ತಿರಲಿಲ್ಲ. ಕುಡಿಕೆಯ ಹಳದಿಯನ್ನು ಹಾಗೆಯೇ ಬಳಿದ. ಮುಖ ಅರಿಸಿನದಂತೆ ಬೆಳಗಿತು. ಎಂಥ ಬಣ್ಣ, ಎಂಥ ಕೈ ಎಂದು ಜನ ಹೊಗಳಿದರು. ಚಿತ್ರಗಾರ ಆ ಹೊಗಳಿಕೆಯನ್ನು ಮನೆಯೊಳಗೆ ಕೂತು ಕೇಳಿದ.

ಸುದ್ದಿ ತಿಳಿದು ಬಣ್ಣಗಾರ ಅವನ ಮನೆಗೆ ಬಂದ. ಜಗಲಿಯ ಮೇಲೆ ಕೂತು ಕೊಟ್ಟ ನೀರು ಕುಡಿದ. ಅವನಿಗೂ ಬೇಸರವಾಗಿತ್ತು, ಆದರೆ ತನ್ನದೇನೂ ತಪ್ಪಿಲ್ಲ ಎಂದು ಹೇಳಿಸಿಕೊಂಡು ಹೋಗುವ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

“ಅಣ್ಣಾ, ಹಳದಿ ಮಾಸುತ್ತೆ, ಸರಿ ಮಾಡು ಅಂತ ಕೇಳಿದ್ದು ನೀನೇ ಅಲ್ವಾ? ನೀನು ಕೇಳಿದ್ದನ್ನೇ ಮಾಡಿದೆ.”

“ಕೇಳಿದಾಗ ನನಗೆ ಕಣ್ಣಿತ್ತು,” ಎಂದ ಚಿತ್ರಗಾರ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ನಿಜಗುಣನಿಗೆ ಒಪ್ಪಿಗೆಯಾಗಲಿಲ್ಲ. ಹಾಗಾದರೆ ಬಣ್ಣಗಾರ ಸಾಯುವ ತನಕ ಮಾಸುವ ಹಳದಿಯನ್ನೇ ಮಾರಬೇಕಿತ್ತೇ, ಆ ಮುದುಕ ತನ್ನ ಕಣ್ಣು ಹೋದದ್ದನ್ನು ಮುಚ್ಚಿಟ್ಟರೆ ಅದು ಬಣ್ಣಗಾರನ ತಪ್ಪೇ ಎಂದು ವಾದಕ್ಕೆ ನಿಂತ.

ಗುರುಗಳು ಅವನನ್ನೇ ನೋಡಿದರು. “ಅವನ ಕಣ್ಣು ಹೋಗಿತ್ತಪ್ಪ, ಇವನ ಬಾಯಿಗೇನಾಗಿತ್ತು?”