ಗಾರ್ಮಂಡನ ನಡುಗಿದ ಕೈ

ಹುನ್ನ ಅನ್ನೋನು ಕುರಿ ಕಾಯೋದು ಬಿಟ್ಟು ಮೊದಲ ಸಲ ಊರಾಚೆ ನಡೆದದ್ದು ಒಂದು ಗುರುವಾರವಂತೆ, ಎಷ್ಟೋ ಕಾಲದ ಹಿಂದೆ, ಮಂಜು ಮುಸುಕಿದ ಒಂದು ಕಡಲ ನಾಡಲ್ಲಿ. ಕಾಲು ಒಂದು ಕಡೆ ನಿಲ್ಲದವನು. ಬಗಲಲ್ಲೊಂದು ತಂತಿವಾದ್ಯ, ಬಾಯಲ್ಲಿ ಹಾಡು. ಹಾಡ್ತಾ ಹಾಡ್ತಾ ಗಡ್ಡ ಬಂತು, ಬಂದ ಗಡ್ಡ ನರೀತು, ಆಮೇಲೆ ಒಂದಿನ ಸೆಲ್ರಿಕ ಅನ್ನೋ ದೊರೆಯ ಹಜಾರಕ್ಕೆ ಬಂದನಂತೆ. ಹೊದ್ದುಕೋ ಮಗ, ಕಾಲು ಹೊರಗೆ ಹಾಕಬೇಡ.

ಆ ದೊರೆ ಅಪ್ಪ ಗಾರ್ಮಂಡ, ಜೌಗಿನ ರಕ್ಕಸನ್ನ ಕೊಂದು ತಾನೂ ಸತ್ತವನು. ಆ ನಾಡಲ್ಲಿ ವರ್ಷಾವರ್ಷ ವೀರ ಸತ್ತ ದಿನ ಬಂದಾಗ ಜೇನುಹೆಂಡ ತುಂಬಿದ ಕೊಂಬು ಕೈಯಿಂದ ಕೈಗೆ ಹೋಗಬೇಕು, ಹಿಡಿದವರೆಲ್ಲ ಅವನ ಹೆಸರು ಹೇಳಬೇಕು. ಒಬ್ಬರು ಸುಮ್ಮನೆ ದಾಟಿಸಿದರೂ ಆ ಹೆಸರು ಅಲ್ಲಿಗೆ ಸತ್ತ ಹಾಗೆ. ಹುನ್ನ ಬಂದದ್ದು ಗಾರ್ಮಂಡ ಸತ್ತ ಆ ದಿನವೇ. ಆದರೆ ದೊರೆ ಆ ವರ್ಷ ಹೊಸ ದೇವರನ್ನ ನಂಬಿದ್ದ. ಆ ದೇವರ ಗುರು, ನೆತ್ತಿ ಬೋಳಿಸಿದವನು, ಪಕ್ಕದಲ್ಲೇ ಕೂತಿದ್ದ. ಗಾರ್ಮಂಡ ಹಳೇ ದೇವರಿಗೆ ಕುದುರೆ ಬಲಿ ಕೊಟ್ಟವನು, ಅವನ ಹೆಸರು ನನ್ನ ಬಾಯಲ್ಲಿ ಬರಲ್ಲ ಅಂದನಂತೆ ಆ ಗುರು. ಗಾರ್ಮಂಡನ ಹಳೇ ಬಂಟರು ಕತ್ತಿ ಹಿಡಿಗೆ ಕೈ ಹಾಕಿದರು. ದೊರೆ ಯಾರ ಮುಖ ನೋಡಬೇಕೋ ತಿಳೀದೆ ತಟ್ಟೆ ನೋಡಿದ.

ಕೊಂಬು ಆಗ ಹುನ್ನನ ಕೈಲಿತ್ತು. ಕುಡಿದಿದ್ದ ಬೇರೆ. ಗುರುವೂ ಬಂಟರೂ ಒಪ್ಪೋ ಹಾಗೆ ಹಾಡ್ತೀನಿ, ಮೂರು ಸಂಜೆ ಕೊಡಿ ಅಂದುಬಿಟ್ಟ. ಕೊಂಬು ಹಿಡಿದು ಆಡಿದ ಮಾತು ಅಲ್ಲಿ ಆಣೆ. ಸೋತರೆ ವಾದ್ಯ ಒಲೆಗೆ, ಆಮೇಲೆ ನೀನು ಬರೀ ಮುದುಕ ಕಣಯ್ಯ, ಅಂದ ಬಂಟರ ಹಿರಿಯ ಊಲ್ಫ.

ಮೊದಲ ಸಂಜೆ ಹೊಸ ದೇವರು ಭೂಮಿ ಮಾಡಿದ್ದು ಹಾಡಿದ, ಬಂಟರು ಮಣೆ ಗುದ್ದಿ ದನಿ ಮುಳುಗಿಸಿದರು. ಎರಡನೇ ಸಂಜೆ ರಕ್ಕಸನ್ನ ಕೊಂದದ್ದು ಹಾಡಿದ, ಗುರು ಎದ್ದೇ ಹೋದ. ಮೂರನೇ ದಿನ ಹುನ್ನ ದಾರಿ ಕಾಣದೆ ಗಾರ್ಮಂಡನ ಹೆಂಡತಿ ಹಿಲ್ಡಜ್ಜಿ ಮುಂದೆ ಹೋಗಿ ಕೂತನಂತೆ.

ಅಜ್ಜಿ ನೂಲು ತೆಗೀತಾ ಹೇಳಿದಳು, ಜೌಗಿಗೆ ಹೊರಟ ದಿನ ಅವನ ಕೈ ನಡುಗ್ತಿತ್ತಪ್ಪ, ಕವಚದ ದಾರ ಕಟ್ಟೋಕೆ ಆಗಲಿಲ್ಲ, ನಾನೇ ಕಟ್ಟಿದೆ. ಆಗ ಅವನು, ನನಗೆ ಹೆಸರು ಗೊತ್ತಿಲ್ಲದ ದೊಡ್ಡವನು ಮೇಲೆ ಯಾರಾದರೂ ಇದ್ದರೆ ಇವತ್ತೊಂದಿನ ಈ ಕೈ ಗಟ್ಟಿ ಮಾಡಲಿ ಅಂದ.

ವೀರನ ಕೈ ನಡುಗಿತು ಅಂತ ಹಾಡಿದರೆ ಬಂಟರು ಬಿಡ್ತಾರಾ? ಆದರೂ ಆ ನಡುಕ, ಆ ಮೊರೆ, ಎರಡನ್ನೂ ಹಾಡಿದನಂತೆ. ಊಲ್ಫ ಎದ್ದ. ವಾದ್ಯಕ್ಕೆ ಕೈ ಹಾಕ್ತಾನೆ ಅಂದುಕೊಂಡರೆ, ಅವತ್ತು ಜೌಗಿಗೆ ಹೋದ ದೋಣಿಯಲ್ಲಿ ನಾನಿದ್ದೆ, ನನ್ನ ಕೈಯೂ ನಡುಗಿತ್ತು ಅಂತ ಹೇಳಿ ಕೂತ. ಆಮೇಲೆ ಎಲ್ಲರೂ ಗುರುವನ್ನ ನೋಡಿದರು. ಅವನು ತನ್ನ ದೇವರ ಪುಸ್ತಕದ ರಟ್ಟು ಸವರಿದ. ಹೆಸರು ತಿಳೀದೆ ಕರೆದವನಿಗೆ ದೇವರು ಓ ಅನ್ನಬಾರದು ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ ಅಂದ. ಕೊಂಬು ತಗೊಂಡು, ಗಾರ್ಮಂಡ ಅಂದನಂತೆ.

ದೊರೆ ಹುನ್ನನಿಗೆ ಮನೆ, ಹಸು ಕೊಟ್ಟ. ವರ್ಷಾವರ್ಷ ಹಾಡು, ಆ ನಡುಗಿದ ಕೈ ಒಂದು ಬಿಟ್ಟುಬಿಡು ಅಂದ.

ಆ ನಡುಕ ಬಿಟ್ಟರೆ ಅದು ಹಾಡೇ ಅಲ್ಲ ಅಂತ ಹುನ್ನ ಅವತ್ತೇ ಊರು ಬಿಟ್ಟು ಹೊರಡೋಕೆ ಗಂಟು ಕಟ್ತಾ ಕೂತ. ದಾರ ಬೆರಳಿಗೆ ನಿಲ್ಲಲಿಲ್ಲ. ಹಿಲ್ಡಜ್ಜಿ ಬಂದು, ಕೊಡು ಇಲ್ಲಿ, ಅಂತ ಕಟ್ಟಿಕೊಟ್ಟಳಂತೆ. ಅಲ್ಲಿಗೆ ಕತೆ ತೀರಿತು ಮಗ, ಕಣ್ಣು ಮುಚ್ಚು.