ಪರಂಗಿಕಾಯಿಗೆ ಹಾಲು ಬಂದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಪರಂಗಿಕಾಯಿಯಲ್ಲಿ ಒಂದು ತೊಟ್ಟೂ ಹಾಲಿರಲಿಲ್ಲ.

ಮರದೊಳಗೆ ಜೀವಕೋಶಗಳೆಂಬ ಕಣ್ಣಿಗೆ ಕಾಣದ ಮನೆಗಳಿದ್ದವು. ಅಂಥದೊಂದು ಮನೆಯಲ್ಲಿ ಚಿಕ್ಕತಾಯಜ್ಜಿ ಇದ್ದಳು. ಅಲ್ಲಿ ಹುಟ್ಟುವ ಪ್ರೋಟೀನ್ ಮಕ್ಕಳಿಗೆಲ್ಲ ಅವಳೇ ಸೂಲಗಿತ್ತಿ, ಅವಳೇ ಅಜ್ಜಿ. ಕೆಲವರು ಬಿಸಿಲು ಹಿಡಿದು ಅಡುಗೆ ಮಾಡುವವರು, ಕೆಲವರು ಗೋಡೆ ಕಟ್ಟುವವರು. ಇನ್ನು ಕೆಲವರಿಗೆ ಹುಟ್ಟುವಾಗಲೇ ಚೂಪು ಹಲ್ಲು. ಬಾಯಿ ಮುಚ್ಚಿದರೆ ಎಲ್ಲರೂ ಒಂದೇ ಥರ. ಹಾಗಾಗಿ ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ನುಗ್ಗುತ್ತಿದ್ದರು.

ಹಾಗೇ ಚೂಪನೆಂಬ ಹಲ್ಲಿನ ಕೂಸು ಹಸಿರು ಅಡುಗೆಮನೆಗೆ ನುಗ್ಗಿ, ಆಟಕ್ಕೆಂದು ಅಡುಗೆಯವರನ್ನೇ ಕಚಕಚ ಕಚ್ಚಿದ. ಎಲೆ ಹಳದಿಯಾಯಿತು. ಹೀಗೇ ಆದರೆ ಮರ ಉಳಿಯುವುದಿಲ್ಲವೆಂದು ಗಾಳಿ ಬಂದು ಹೇಳಿತು. ಹಲ್ಲಿನ ಮಕ್ಕಳನ್ನೆಲ್ಲ ಆಚೆ ಎಸೆಯಬೇಕೆಂದು ಮನೆಮಂದಿ ಹಟ ಹಿಡಿದರು. ಅಜ್ಜಿ ಅಡ್ಡ ಬಂದು ನಿಂತಳು.

"ಎಸೀಬ್ಯಾಡಿ ಕಣ್ರಪ್ಪಾ," ಎಂದಳು. "ನನ್ ಕೂಸು ಕೆಟ್ಟೋನಲ್ಲ. ಎಲ್ಲಿಗೋಗ್ಬೇಕು ಅಂತ ಅವನಿಗೆ ಯಾರೂ ಹೇಳಿಲ್ಲ, ಅಷ್ಟೆಯ."

ಕೂತವಳೇ ಕುಲಾವಿ ಹೊಲಿದಳು. ಅಡುಗೆಮನೆಯವರಿಗೆ ಹಸಿರು ಕುಲಾವಿ, ಗೋಡೆಯವರಿಗೆ ಕಂದು ಕುಲಾವಿ, ಹಲ್ಲಿನವರಿಗೆ ಬಿಳಿ ಕುಲಾವಿ. ಬಿಳಿಯದು ಬಾಯನ್ನೂ ಮುಚ್ಚುವಷ್ಟು ಉದ್ದ! ಹೊರೆಯಾಳು ಜವರಪ್ಪ ಕುಲಾವಿಯ ಬಣ್ಣ ನೋಡಿ, ಮಕ್ಕಳನ್ನು ನೀರ್ಗುಳ್ಳೆಯಂಥ ಬುಟ್ಟಿಯಲ್ಲಿ ಕೂರಿಸಿ ಅವರವರ ಕೋಣೆಗೆ ಹೊತ್ತೊಯ್ದ. ಹಲ್ಲಿನವರಿಗೆಂದೇ ಅಜ್ಜಿ ಕಾಯಿಯ ಸಿಪ್ಪೆಯಡಿ ಬೇರೆ ಕೋಣೆ ಮಾಡಿಸಿ, ಮಲಗಲು ಮೆತ್ತಗಿರಲೆಂದು ಹಾಲು ತುಂಬಿಸಿದ್ದಳು. ಎಲೆ ಮತ್ತೆ ಹಸಿರಾಯಿತು. ಅಜ್ಜಿ ಕುಣಿದಾಡಿದಳು.

ಅಷ್ಟರಲ್ಲಿ ಹುಳು ಬಂತು! ಸಿಪ್ಪೆ ಕೊರೆಯಿತು, ಇನ್ನೂ ಕೊರೆಯಿತು, ಚೂಪನ ಕೋಣೆಗೇ ಬಾಯಿ ಹಾಕಿತು. ಚೂಪ ಸುಮ್ಮನೆ ಕೂತಿದ್ದ. ಕೂತಿರದೆ ಏನು ಮಾಡಿಯಾನು? ಕೂಸಿಗೆ ಥಂಡಿಯಾದೀತೆಂದು ಅಜ್ಜಿಯೇ ಕುಲಾವಿಯ ದಾರ ಬಿಗಿಯಾಗಿ ಕಟ್ಟಿ, ಯಾವತ್ತೂ ಬಿಚ್ಚಕೂಡದೆಂದು ಜವರಪ್ಪನಿಗೆ ತಾಕೀತು ಮಾಡಿದ್ದಳು.

ಅಜ್ಜಿ ಅದನ್ನು ಕಂಡಳು. ಎದ್ದೆನೋ ಬಿದ್ದೆನೋ ಎಂದು ಓಡಿದಳು.

"ಜವರಪ್ಪಾ, ಕುಲಾವಿ ಬಿಚ್ಚೋ! ಅವರ ಜಾಗಕ್ಕೆ ಅವರು ಸೇರವ್ರೆ, ಇನ್ಯಾಕಪ್ಪಾ ಕುಲಾವಿ?"

ಜವರಪ್ಪ ಸರಕ್ಕನೆ ದಾರ ಎಳೆದ. ಚೂಪ ಬಾಯಿ ತೆರೆದ. ಹಾಲಿನ ಜೊತೆ ಚಿಮ್ಮಿ ಹೋಗಿ ಹುಳುವಿನ ಬಾಯಿಗೇ ಕಚ್ಚಿದ. ಹುಳು ಚುರುಚುರು ಉರಿ ತಾಳದೆ ದೊಪ್ಪನೆ ನೆಲಕ್ಕೆ ಬಿತ್ತು. ಎಸೆಯಬೇಕೆಂದಿದ್ದವರೆಲ್ಲ ಚೂಪನನ್ನು ಎತ್ತಿ ಮುದ್ದಾಡಿದರು.

ಅಂದಿನಿಂದ ಪ್ರೋಟೀನ್ ಮಕ್ಕಳು ಕುಲಾವಿ ತೊಟ್ಟು ಹೊರಡುತ್ತಾರೆ, ತಮ್ಮ ಕೋಣೆ ಸೇರಿದೊಡನೆ ಕಳಚುತ್ತಾರೆ. ಅದಕ್ಕೇ ನೋಡು, ಪರಂಗಿಕಾಯಿಯನ್ನು ಉಗುರಿನಿಂದ ಗೀರಿದರೆ ಇವತ್ತಿಗೂ ಬಿಳಿ ಹಾಲು ಜಿನುಗಿ, ನಿನ್ನ ಬೆರಳನ್ನು ಚೂಪ ಚುರುಕ್ಕೆನ್ನಿಸುತ್ತಾನೆ.